ಅಡುಗೆಮನೆಯ ಕಾಲಮಾನ

ಅಕ್ಟೋಬರಿನ ಕೊನೆಯ ಭಾನುವಾರ
ಇಡೀ ಇಂಗ್ಲೆಂಡು ಒಂದು ಗಂಟೆ ಹಿಂದೆ ಸರಿಯುತ್ತದೆ,
ನಮ್ಮ ಅಡುಗೆಮನೆಯ ಗೋಡೆಯೊಂದನ್ನು ಬಿಟ್ಟು.

ಹ್ಯಾಲಿಫ್ಯಾಕ್ಸಿನ ಏರುದಾರಿ, ಮಸಿ ಹಿಡಿದ ಕಲ್ಲಿನ ಸಾಲುಮನೆ.
ಮೇಲೆ ಮಲಗುವ ಕೋಣೆ, ಅಲ್ಲಿ ನನ್ನ ಗಡಿಯಾರ.
ಕೆಳಗೆ ಒಲೆಯ ಪಕ್ಕ ಪಂಪಾಪತಿಯದು.
ನಡುವೆ ಹದಿಮೂರು ಮೆಟ್ಟಿಲು.
ಬೆಳಗ್ಗೆ ಇಳಿಯುವಾಗ ಒಂದು ಗಂಟೆ ಕಳೆದುಕೊಳ್ಳುತ್ತೇನೆ,
ರಾತ್ರಿ ಹತ್ತುವಾಗ ವಾಪಸು ಸಿಗುತ್ತದೆ,
ಚಿಲ್ಲರೆ ಕೊಟ್ಟ ಹಾಗೆ.

'ತಡಿ, ಐದು ತಿಂಗಳಿಗೆ ತಾನ ಸರಿ ಆಕೈತಿ' ಅನ್ನುತ್ತಾನೆ.
ಆಗುತ್ತದೆ ಕೂಡ. ಮಾರ್ಚಿಯಲ್ಲಿ
ದೇಶವೇ ಬಂದು ಅವನ ಗೋಡೆಗೆ ಹೊಂದಿಕೊಳ್ಳುತ್ತದೆ.

ನಾನು ಇಪ್ಪತ್ತಾರು ವರ್ಷ ಡಯಾಲಿಸಿಸ್ ವಾರ್ಡಿನವಳು.
ಅಲ್ಲಿ ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ,
ರಕ್ತಕ್ಕೆ ಹತ್ತು ನಿಮಿಷದ ರಿಯಾಯಿತಿ ಇಲ್ಲ.
ಮೊದಲ ಚಳಿಗಾಲ ಸ್ಟೂಲು ಹತ್ತಿ ನಾನೇ ತಿರುಗಿಸಿದೆ.
ಸಂಜೆ ಡ್ಯೂಟಿ ಮುಗಿಸಿ ಬಂದರೆ ಮತ್ತೆ ಮುಂದೆ.
ನಾನು ಹಿಂದೆ, ಅವನು ಮುಂದೆ, ನಾನು ಹಿಂದೆ.
ಹನ್ನೊಂದು ದಿನ ಮಾತಿಲ್ಲ.
ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ,
ಗಡಿಯಾರದಲ್ಲಿ ಇರುವುದೇ ಮುಳ್ಳು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.
ನಮ್ಮಲ್ಲಿ ಉಣ್ಣುವುದು ಅವನ ಗಂಟೆಗೆ, ಮಲಗುವುದು ನನ್ನ ಗಂಟೆಗೆ,
ಹಾಗಾಗಿ ಜಗಳಕ್ಕೆ ಪ್ರತಿ ಚಳಿಗಾಲ
ದಿನಕ್ಕೊಂದು ತಾಸು ಹೆಚ್ಚುವರಿ.

ಕಾರಣ ಇರಲೇಬೇಕೆಂದು ಬಹಳ ವರ್ಷ ಹುಡುಕಿದೆ.
ಬಸ್ ಡಿಪೋದಲ್ಲಿ ದಿನಾ ಐದೂ ನಲವತ್ತಕ್ಕೆ ಕಾರ್ಡು ಒತ್ತಿ
ಮನೆಯಲ್ಲಾದರೂ ಸ್ವತಂತ್ರವಾಗಿರಲೆಂದೇ?
ಊರಲ್ಲಿ, ಕೊಪ್ಪಳದ ಬಿಸಿಲಲ್ಲಿ, ಏನಾದರೂ ಆಗಿತ್ತೇ?
ಕೇಳಿದೆ. ನಕ್ಕ.
'ಏನಿಲ್ಲ, ಸ್ಟೂಲ್ ಹತ್ತಾಕ ಬ್ಯಾಸರ.'
ಹಾಗಾದರೆ ಆ ಹನ್ನೊಂದು ದಿನ ಹತ್ತಿದ್ದು ಯಾರು?
ಅದಕ್ಕೆ ಉತ್ತರವಿಲ್ಲ, ರೊಟ್ಟಿ ಮುರಿದ.

ಅತ್ತೆ ಇದ್ದಾಗ ಫೋನಿನಲ್ಲಿ ರಾಹುಕಾಲ ಹೇಳುತ್ತಿದ್ದರು.
ಯಾವ ಗಡಿಯಾರದ್ದು ಎಂದು ಅವರನ್ನು ಕೇಳುವುದು ಹೇಗೆ?
ಎರಡೂ ಕಳೆಯಲಿ ಎಂದು ಕಾದು
ಎರಡನೇ ಮಗುವಿಗೆ ತೊಟ್ಟಿಲು ಕೊಂಡೆವು.

ಹೋದ ನವೆಂಬರು ಅವನನ್ನು ಲೀಡ್ಸಿನಲ್ಲಿ ಮಲಗಿಸಿ
ಎದೆ ತೆರೆದು ಹೊಲಿದರು.
ಒಬ್ಬಳೇ ಮನೆಗೆ ಬಂದೆ. ನಾಲ್ಕಕ್ಕೇ ಕತ್ತಲು.
ಏನಾದರೂ ಮಾಡಬೇಕಿತ್ತು ಕೈಗೆ.
ಗಡಿಯಾರ ಇಳಿಸಿದೆ. ಗಾಜಿನ ಮೇಲೆ
ಮೂವತ್ತೊಂದು ವರ್ಷದ ಒಗ್ಗರಣೆಯ ಜಿಡ್ಡು.
ವಿನೆಗರಿನಲ್ಲಿ ಒರೆಸಿದೆ, ಹೊಸ ಶೆಲ್ಲು ಹಾಕಿದೆ.
ಮುಳ್ಳು ನನ್ನ ಬೆರಳಲ್ಲಿತ್ತು,
ನೋಡುವವರು ಯಾರೂ ಇರಲಿಲ್ಲ.

ಫೋನು ನೋಡಿದೆ: ನಾಲ್ಕೂ ಹನ್ನೆರಡು.
ಐದೂ ಹನ್ನೆರಡಕ್ಕೆ ಇಟ್ಟೆ.
ಒಂದು ತಪ್ಪನ್ನು ಅಷ್ಟು ಜೋಪಾನವಾಗಿ
ನಾನೆಂದೂ ಮಾಡಿರಲಿಲ್ಲ.
ಮತ್ತೆ ಮೊಳೆಗೆ ತೂಗುಹಾಕಿ ಸ್ಟೂಲಿನ ಮೇಲೇ
ಸ್ವಲ್ಪ ಹೊತ್ತು ಕೂತಿದ್ದೆ. ಅತ್ತೆನೇನೋ, ಗೊತ್ತಿಲ್ಲ.
ಕೆಟಲ್ ಎರಡು ಸಲ ಕುದಿದು ಆರಿತು.

ಎದೆಗೆ ದಿಂಬೊತ್ತಿ ಹಿಡಿದು ಮನೆಗೆ ಬಂದವನು
ಬಾಗಿಲಲ್ಲೇ ನಿಂತು ಗೋಡೆ ನೋಡಿದ.
'ಎರಡು ನಿಮಿಷ ಹಿಂದೈತಲ್ಲ.'

ಈಗ ಜನವರಿ. ಇವತ್ತು ತಪಾಸಣೆ.
ರೈಲು ಒಂಬತ್ತೂ ಹದಿನಾಲ್ಕಕ್ಕೆ,
ನಾನು ಎಂದಿನಂತೆ ನಲವತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ.
ಬೆಂಚಿನ ಕಬ್ಬಿಣ ಕೋಟಿನೊಳಗೂ ಕೊರೆಯುತ್ತಿದೆ.
ಇಷ್ಟು ವರ್ಷ ಇಂಥ ಎಷ್ಟು ಬೆಂಚುಗಳ ಮೇಲೆ
ಇವನು ಸುಮ್ಮನೆ ಕೂತಿದ್ದಾನೆ, ನಾನು ಲೆಕ್ಕವಿಟ್ಟಿಲ್ಲ,
ಹೊರಟದ್ದು ಬೇಗವಾಯಿತು ಎಂದು ಒಮ್ಮೆಯೂ ಅಂದವನಲ್ಲ.
ಒಂದು ಗ್ಲೌಸು ಬಿಚ್ಚಿ ಕಿತ್ತಳೆ ಸುಲಿಯುತ್ತಾನೆ,
ನಾರು ತೆಗೆದ ತೊಳೆ ನನಗೆ, ನಾರಿದ್ದದ್ದು ತನಗೆ.

'ಗಂಟಿ ಎಷ್ಟಾತು?'

'ಯಾರದು?' ಅನ್ನುತ್ತೇನೆ.